ತೆರ್ಮೆ, ಪಾಕು, ಢೇಕಿಯಾ: ಒಂದು ಜರೀಸೊಪ್ಪಿನ ಚರಿತ್ರೆ



ಸಿಂಗಪುರದ ಗೇಲಾಂಗ್ ಸೆರಾಯ್ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋಗುವ ರೂಢಿಯುಳ್ಳವರು ಅಲ್ಲಿನ ಸೊಪ್ಪಿನ ಅಂಗಡಿಗಳಲ್ಲಿ ಒಂದು ಬಗೆಯ ಕಟ್ಟನ್ನು ಗಮನಿಸಿರಬಹುದು. ಗೇಣುದ್ದದ ಹಸಿರು ದಂಟು, ತುದಿಯಲ್ಲಿ ಪಿಟೀಲಿನ ತಲೆಯಂತೆ ಒಳಕ್ಕೆ ಸುತ್ತಿಕೊಂಡ ಸುರುಳಿ, ಅಲ್ಲಲ್ಲಿ ಕಂದು ಬಣ್ಣದ ಹೊಟ್ಟು. ಮಲಯ್ ಭಾಷೆಯಲ್ಲಿ ಇದಕ್ಕೆ ‘ಪುಚುಕ್ ಪಾಕು’ ಎಂದು ಹೆಸರು. ಪಾಕು ಎಂದರೆ ಜರೀಗಿಡ, ಪುಚುಕ್ ಎಂದರೆ ಚಿಗುರು. ಮೊದಲ ಬಾರಿ ಅದನ್ನು ಕಂಡಾಗ ನಾವು ಅಂಗಡಿಯ ಮುಂದೆ ನಿಂತುಬಿಟ್ಟೆವು. ನಮಗೆ ಅದರ ಇನ್ನೊಂದು ಹೆಸರು ಗೊತ್ತಿತ್ತು. ಕೊಡಗಿನಲ್ಲಿ ಅದನ್ನು ‘ತೆರ್ಮೆ ತೊಪ್ಪು’ ಎನ್ನುತ್ತಾರೆ.

ಆ ಹೆಸರಿನ ಜೊತೆಗೆ ನಮಗೊಂದು ಹಳೆಯ ಮುಜುಗರವೂ ಅಂಟಿಕೊಂಡಿದೆ. ಎಂ.ಬಿ.ಬಿ.ಎಸ್. ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದ ವರ್ಷ, ಕೊಡಗಿನ ಒಂದು ಸಣ್ಣ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾಫಿ ತೋಟದ ಕೆಲಸದ ಹೆಣ್ಣುಮಗಳೊಬ್ಬಳನ್ನು ನೋಡಿದ್ದೆವು. ಬಸುರಿ, ರಕ್ತಹೀನತೆಯಿಂದ ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಸೊಪ್ಪು ತರಕಾರಿ ಹೆಚ್ಚು ತಿನ್ನಬೇಕೆಂದು ಹೇಳಿದೆವು. ಅವಳು ಕೇಳಿದಳು: “ಡಾಕ್ಟ್ರೇ, ತೆರ್ಮೆ ಸೊಪ್ಪು ತಿನ್ನಬಹುದಾ? ಈಗ ತೋಡಿನ ಬದಿಯಲ್ಲಿ ಬೇಕಾದಷ್ಟು ಬಂದಿದೆ.” ನಮಗೆ ಅದರ ಬಗ್ಗೆ ಏನೂ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಳ್ಳುವ ವಯಸ್ಸೂ ಅದಲ್ಲ. “ಕಾಡು ಸೊಪ್ಪೆಲ್ಲ ಬೇಡ, ಪೇಟೆಯಿಂದ ಪಾಲಕ್ ತಂದು ತಿನ್ನಿ” ಎಂದೆವು. ಅವಳು ತಲೆಯಾಡಿಸಿ ಹೊರಟುಹೋದಳು. ಮಳೆಗಾಲದಲ್ಲಿ ಆ ಲೈನ್ ಮನೆಗಳಿಂದ ಪೇಟೆ ಎಷ್ಟು ದೂರ, ಅವಳ ದಿನಗೂಲಿಗೆ ಪಾಲಕ್ ಸೊಪ್ಪಿನ ಬೆಲೆ ಎಷ್ಟು ಎಂಬುದನ್ನು ನಾವು ಯೋಚಿಸಲೇ ಇಲ್ಲ.

ಆ ಉತ್ತರ ಸರಿಯಿತ್ತೇ, ತಪ್ಪಿತ್ತೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ಈಚಿನ ವರ್ಷಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇದೊಂದು ಸೊಪ್ಪಿನ ಚರಿತ್ರೆ. ಜೊತೆಗೆ, ಆಹಾರವನ್ನು ಅದರ ಅಡುಗೆಯ ಕ್ರಮದಿಂದ ಬೇರ್ಪಡಿಸಿ ನೋಡಿದಾಗಲೆಲ್ಲ ಮನುಷ್ಯರು ತೆತ್ತ ಬೆಲೆಯ ಚರಿತ್ರೆಯೂ ಹೌದು.

ಹೂವಿಲ್ಲದ, ಬೀಜವಿಲ್ಲದ ಗಿಡ

ಜರೀಗಿಡಗಳು ಬಹಳ ಪುರಾತನವಾದ ಸಸ್ಯವರ್ಗ. ಭೂಮಿಯ ಮೇಲೆ ಮೊದಲ ಹೂವು ಅರಳುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಇವು ಇದ್ದವು. ಇವುಗಳಿಗೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಅಡಿಭಾಗದಲ್ಲಿ ಕಾಣುವ ಕಂದು ಗೆರೆಗಳಲ್ಲೋ ಚುಕ್ಕೆಗಳಲ್ಲೋ ಬೀಜಾಣುಗಳು ಹುಟ್ಟಿ, ಗಾಳಿಯಲ್ಲಿ ಹಾರಿ, ತೇವವಿದ್ದಲ್ಲಿ ಮೊಳೆಯುತ್ತವೆ. ಎಳೆಯ ಎಲೆ ಸುರುಳಿ ಸುತ್ತಿಕೊಂಡೇ ಮೇಲೆದ್ದು, ದಿನದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಜಗತ್ತಿನಲ್ಲಿ 10,000ಕ್ಕೂ ಮಿಕ್ಕಿದ ಜಾತಿಯ ಜರೀಗಿಡಗಳಿವೆ. ಅವುಗಳಲ್ಲಿ ಮನುಷ್ಯರು ನೆಚ್ಚಿ ತಿನ್ನುವಂಥವು ಕೆಲವೇ ಕೆಲವು.

ಆ ಕೆಲವರಲ್ಲಿ ಅಗ್ರಸ್ಥಾನ ನಮ್ಮ ತೆರ್ಮೆಯದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಡಿಪ್ಲೇಜಿಯಮ್ ಎಸ್ಕುಲೆಂಟಮ್. ತೋಡು, ಹೊಳೆಯಂಚು, ಗದ್ದೆಯ ಬದಿ, ಜೌಗುನೆಲ ಇದರ ನೆಲೆ. ಎಲೆಗಳು ಆಳುದ್ದಕ್ಕೂ ಬೆಳೆಯಬಲ್ಲವು. ಆದರೆ ತಿನ್ನಲು ಯೋಗ್ಯವಾದುದು ಸುರುಳಿ ಬಿಚ್ಚುವ ಮುನ್ನಿನ, ಬೆರಳಿನಿಂದ ಮುರಿದರೆ ‘ಟಕ್’ ಎಂದು ಮುರಿಯುವ ಎಳೆಯ ತುದಿ ಮಾತ್ರ. ಮಣಿದು ಬಾಗಿದರೆ ಅದು ಬಲಿತಿದೆ ಎಂದರ್ಥ. ಕೊಯ್ದ ಮರುದಿನಕ್ಕೆ ಅದು ಬಾಡಿ, ಲೋಳೆಯಾಗಿ, ಕಪ್ಪಗಾಗುತ್ತದೆ. ಆದ್ದರಿಂದಲೇ ಇದು ದೂರದ ಮಾರುಕಟ್ಟೆಗಳಿಗೆ ಹೋಗದೆ, ಬೆಳೆದ ಊರಿನ ಸುತ್ತಮುತ್ತಲೇ ಉಳಿದ ಸೊಪ್ಪು. ಉತ್ತು ಬಿತ್ತಿ ಬೆಳೆಯುವುದಕ್ಕಿಂತ ಹುಡುಕಿ ಆಯ್ದು ತರುವುದೇ ಹೆಚ್ಚು. ಆಯುವವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು.

ಒಂದು ಸೊಪ್ಪು, ಹಲವು ಹೆಸರು

ಈ ಗಿಡದ ಹರವನ್ನು ಹೆಸರುಗಳ ಮೂಲಕವೇ ಗುರುತಿಸಬಹುದು. ಅಸ್ಸಾಮಿನಲ್ಲಿ ಅದು ಢೇಕಿಯಾ, ಬಂಗಾಳದಲ್ಲಿ ಢೇಕಿ ಶಾಕ್. ಸಿಕ್ಕಿಮಿನಲ್ಲಿ ನಿಂಗ್ರೊ, ನೇಪಾಳದಲ್ಲಿ ನಿಯುರೊ, ಕುಮಾಊಂ–ಗಢವಾಲ ಕಡೆ ಲಿಂಗುಡ. ಹಿಮಾಲಯದ ಈ ಹೆಸರುಗಳಲ್ಲಿ ಕೆಲವು ಇದರ ಹತ್ತಿರದ ಬಂಧುಗಳಿಗೂ ಸಲ್ಲುತ್ತವೆ. ಮಲಯ್ ಮತ್ತು ಇಂಡೊನೇಷ್ಯಾದ ಸೀಮೆಗಳಲ್ಲಿ ಪಾಕು, ಫಿಲಿಪ್ಪೀನ್ಸಿನಲ್ಲಿ ಪಾಕೊ. ಪಶ್ಚಿಮಘಟ್ಟದ ಮಡಿಲಿನ ಕೊಡಗಿನಲ್ಲಿ ತೆರ್ಮೆ. ಮುಂಗಾರು ಮಳೆ ಬೀಳುವ, ಹೊಳೆಗಳು ತುಂಬಿ ಹರಿಯುವ ದೇಶಗಳ ಉದ್ದಕ್ಕೂ ಈ ಸೊಪ್ಪು ಅಡುಗೆಮನೆ ಸೇರಿದೆ.

ಅಡುಗೆಗಳೂ ಹಾಗೆಯೇ. ಅಸ್ಸಾಮಿನ ರೊಂಗಾಲಿ ಬಿಹುವಿನ ಸಂದರ್ಭದಲ್ಲಿ ನೂರೊಂದು ಬಗೆಯ ಸೊಪ್ಪುಗಳನ್ನು ಸೇರಿಸಿ ಬೇಯಿಸಿ ಉಣ್ಣುವ ಪದ್ಧತಿಯಿದೆ. ಆ ಗುಂಪಿನಲ್ಲಿ ಢೇಕಿಯಾ ಇರುತ್ತದೆ. ಸಿಕ್ಕಿಮಿನಲ್ಲಿ ನಿಂಗ್ರೊವನ್ನು ಛುರ್ಪಿ ಎಂಬ ಗಿಣ್ಣದೊಡನೆ ಬೇಯಿಸುತ್ತಾರೆ. ಸುಮಾತ್ರಾದ ಮಿನಾಂಗ್ ಜನರಲ್ಲಿ ಪಾಕುವಿನ ಗುಲಾಯ್, ಅಂದರೆ ತೆಂಗಿನ ಹಾಲಿನ ಸಾರು, ಬೆಳಗಿನ ಉಪಾಹಾರ. ಮಲಯ್ ಮನೆಗಳಲ್ಲಿ ಅರಿಸಿನ ಮತ್ತು ತೆಂಗಿನ ಹಾಲು ಹಾಕಿ ‘ಮಾಸಕ್ ಲೆಮಾಕ್’ ಮಾಡುತ್ತಾರೆ. ಇಲ್ಲವೇ ಬಿಸಿನೀರಿನಲ್ಲಿ ಬೇಯಿಸಿ, ಹುರಿದು ಕುಟ್ಟಿದ ತೆಂಗಿನಕಾಯಿ, ಒಣಸಿಗಡಿ, ನಿಂಬೆರಸ ಬೆರೆಸಿ ‘ಕೆರಾಬು’ ಕಲಸುತ್ತಾರೆ. ಬೋರ್ನಿಯೋ ದ್ವೀಪದ ಸರವಾಕಿನಲ್ಲಿ ‘ಮಿಡಿನ್’ ಎಂಬ ಇನ್ನೊಂದು ಜರೀಗಿಡವನ್ನು ಬೆಳ್ಳುಳ್ಳಿ, ಬೆಲಾಚಾನ್‌ಗಳೊಡನೆ ಹುರಿಯುತ್ತಾರೆ. ಅದು ಬೇರೆಯೇ ಜಾತಿ.

ಕೊಡಗಿನಲ್ಲಿ ತೆರ್ಮೆ ಮಳೆಗಾಲದ ಊಟ. ತೋಟದ ಕೆಲಸ ನಿಂತು, ಜಿಗಣೆಗಳು ಎದ್ದು, ಹೊರಗೆ ಕಾಲಿಡಲಾಗದ ದಿನಗಳಲ್ಲಿ ಮನೆಯ ಸುತ್ತಲೇ ಸಿಗುವ ಬೈಂಬಳೆ (ಕಳಲೆ), ಕುಮ್ಮ್ (ಅಣಬೆ), ಕೆಸುವು ಮತ್ತು ತೆರ್ಮೆ ಊಟಕ್ಕೆ ಒದಗುತ್ತವೆ. ತುದಿಗಳನ್ನು ಮುರಿದು, ಕಂದು ಹೊಟ್ಟನ್ನು ಉಜ್ಜಿ ತೊಳೆದು, ಸಣ್ಣಗೆ ಹೆಚ್ಚಿ, ಚೆನ್ನಾಗಿ ಬೇಯಿಸಿ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆ ಕೊಟ್ಟು ಅಕ್ಕಿ ಒಟ್ಟಿಯೊಡನೆ ಬಡಿಸುತ್ತಾರೆ.

ಇಷ್ಟೊಂದು ದೇಶಗಳ, ಇಷ್ಟೊಂದು ಭಾಷೆಗಳ ಅಡುಗೆಗಳಲ್ಲಿ ಒಂದು ಅಂಶ ಸಮಾನವಾಗಿದೆ. ಎಳೆಯ ತುದಿಯನ್ನೇ ಆಯುತ್ತಾರೆ; ಬೆಂಕಿಗೆ ಅಥವಾ ಕುದಿನೀರಿಗೆ ಒಡ್ಡಿಯೇ ತಿನ್ನುತ್ತಾರೆ. ‘ಕೆರಾಬು’ ನೋಡಲು ಹಸಿ ಕೋಸಂಬರಿಯಂತಿದ್ದರೂ ಅದರ ಪಾಕು ಹಸಿಯಲ್ಲ.

ಹೆಸರು ಪುಸ್ತಕ ಸೇರಿದ ಬಗೆ

18ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಸಸ್ಯಶಾಸ್ತ್ರಜ್ಞರು ಏಷ್ಯಾದ ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿಡುವ ಕಾರ್ಯದಲ್ಲಿ ತೊಡಗಿದ್ದರು. 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ, ಅಂದಿನ ಡೇನಿಷ್ ವಸಾಹತಿಗೆ, ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬ ವೈದ್ಯ ಬಂದಿಳಿದ. ಅವನು ಲಿನೇಯಸ್‌ನ ಶಿಷ್ಯ. ರೋಗಿಗಳನ್ನು ನೋಡುವುದರ ಜೊತೆಗೆ ಗಿಡಗಳನ್ನು ಕಲೆಹಾಕುತ್ತ ದಕ್ಷಿಣ ಭಾರತವನ್ನೂ, ಮುಂದೆ ಸಯಾಮ್ ಮತ್ತು ಮಲಾಕಾಗಳನ್ನೂ ಸುತ್ತಿದ. ಅವನು ಕಳುಹಿಸಿದ ಮಾದರಿಗಳ ಆಧಾರದಲ್ಲಿ ಸ್ವೀಡನ್ನಿನ ಲುಂಡ್ ನಗರದ ಪ್ರಾಧ್ಯಾಪಕ ಆಂಡರ್ಸ್ ರೆಟ್ಜಿಯಸ್ ಈ ಕಡೆಯ ಹಲವು ಸಸ್ಯಗಳನ್ನು ವರ್ಣಿಸಿದ. ನಮ್ಮ ಜರೀಗಿಡಕ್ಕೆ 1791ರಲ್ಲಿ ಹೆಸರಿಟ್ಟವನೂ ರೆಟ್ಜಿಯಸ್‌ನೇ. ಅವನು ಕೊಟ್ಟ ಹೆಸರು ಹೆಮಿಯೊನೈಟಿಸ್ ಎಸ್ಕುಲೆಂಟಾ. 1803ರಲ್ಲಿ ಅದೇ ದೇಶದ ಓಲೋಫ್ ಸ್ವಾರ್ಟ್ಜ್ ಅದನ್ನು ಡಿಪ್ಲೇಜಿಯಮ್ ಕುಲಕ್ಕೆ ಸೇರಿಸಿದ.

ಕುಲದ ಹೆಸರು ಬದಲಾದರೂ ‘ಎಸ್ಕುಲೆಂಟಾ’ ಎಂಬ ವಿಶೇಷಣ ಬದಲಾಗಲಿಲ್ಲ. ಲ್ಯಾಟಿನ್ನಿನಲ್ಲಿ ಅದರರ್ಥ ‘ತಿನ್ನಲು ಬರುವಂಥದು’. ಗಿಡವೊಂದು ತಿನ್ನಲು ಬರುತ್ತದೆ ಎಂಬುದು ಒಣಗಿಸಿದ ಎಲೆಯನ್ನು ನೋಡಿ ತಿಳಿಯುವ ವಿಷಯವಲ್ಲ. ಯಾರೋ ತಿನ್ನುತ್ತಿದ್ದರು, ಯಾರೋ ಅದನ್ನು ಕಂಡು ಬರೆದುಕೊಂಡರು. ಆ ತಿನ್ನುವವರ ಮಾತಿನ ಒಂದು ತುಣುಕು ಹೀಗೆ ಲ್ಯಾಟಿನ್ ಹೆಸರಿನೊಳಗೆ ಸೇರಿಕೊಂಡಿದೆ. ಆದರೆ ಆ ಹೆಸರು ಹೇಳುವುದು ‘ತಿನ್ನಬಹುದು’ ಎಂದಷ್ಟೇ. ‘ಹೇಗೆ’ ಎಂಬುದು ಅದರಲ್ಲಿಲ್ಲ. ಈ ಎರಡರ ನಡುವಿನ ಅಂತರ ಎಂಥದು ಎಂಬುದನ್ನು ತೋರಿಸಲು, ಈ ಗಿಡವನ್ನು ಕೆಲಕಾಲ ಬದಿಗಿಟ್ಟು, ಆಸ್ಟ್ರೇಲಿಯಾದ ಇನ್ನೊಂದು ಜರೀಗಿಡದ ಪ್ರಸಂಗವನ್ನು ಹೇಳಬೇಕಾಗಿದೆ.

ಹೊಟ್ಟೆ ತುಂಬಿದ್ದರೂ ಸಾವು

1860ರ ಆಗಸ್ಟ್ 20ರಂದು ರಾಬರ್ಟ್ ಬರ್ಕ್ ಅವರ ಮುಂದಾಳತ್ವದಲ್ಲಿ, ವಿಲಿಯಂ ವಿಲ್ಸ್ ಅವರನ್ನೂ ಒಳಗೊಂಡ ಒಂದು ದೊಡ್ಡ ತಂಡ ಮೆಲ್ಬರ್ನಿನಿಂದ ಹೊರಟಿತು. ಆಸ್ಟ್ರೇಲಿಯಾ ಖಂಡವನ್ನು ದಕ್ಷಿಣದಿಂದ ಉತ್ತರದ ಕಡಲಿನವರೆಗೆ ದಾಟುವುದು ಅವರ ಗುರಿ. ನಡುದಾರಿಯ ಕೂಪರ್ ಕ್ರೀಕ್ ಎಂಬಲ್ಲಿ ಠಾಣೆ ಹೂಡಿ, ನಾಲ್ವರು ಮುಂದೆ ಸಾಗಿ, ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಯ ಹತ್ತಿರ ತಲುಪಿ ಹಿಂದಿರುಗಿದರು. ಹಿಂದಿರುಗುವ ದಾರಿಯಲ್ಲಿ ಒಬ್ಬ ಸತ್ತ. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಠಾಣೆಗೆ ಬಂದು ನೋಡಿದರೆ, ಅವರಿಗಾಗಿ ತಿಂಗಳುಗಟ್ಟಲೆ ಕಾದಿದ್ದವರು ಅದೇ ದಿನ ಬೆಳಿಗ್ಗೆ ಗುಡಾರ ಕಿತ್ತು ಹೊರಟುಹೋಗಿದ್ದರು.

ಆ ಪ್ರದೇಶ ಯಾಂಡ್ರುವಂಧ ಎಂಬ ಮೂಲನಿವಾಸಿಗಳದು. ಅವರು ‘ನಾರ್ಡೂ’ ಎಂಬ ಪುಟ್ಟ ಜರೀಗಿಡದ ಬೀಜಾಣುಕೋಶಗಳನ್ನು ಆಯ್ದು ರೊಟ್ಟಿ ಮಾಡುತ್ತಿದ್ದರು. ಹಸಿದಿದ್ದ ಮೂವರೂ ಅದನ್ನು ಕಂಡು, ತಾವೂ ಆಯ್ದು, ಕುಟ್ಟಿ ಹಿಟ್ಟು ಮಾಡಿ ತಿನ್ನತೊಡಗಿದರು. ಮೀನು ತಂದು ಕೊಡುತ್ತಿದ್ದ ಆ ಜನರೊಡನೆ ಬರ್ಕ್ ಜಗಳ ತೆಗೆದು, ಬಂದೂಕು ಹಾರಿಸಿ ಅವರನ್ನು ದೂರ ಮಾಡಿಕೊಂಡಿದ್ದ. ದಿನವೂ ಹೊಟ್ಟೆ ತುಂಬ ನಾರ್ಡೂ ತಿನ್ನುತ್ತಿದ್ದರೂ ಕಾಲುಗಳಲ್ಲಿ ಬಲವಿಲ್ಲದಾಯಿತು, ನಾಡಿ ಕುಸಿಯಿತು, ಏಳಲಾಗದಾಯಿತು. ಹಸಿವು ಅಡಗಿದರೂ ಮೈಗೆ ಏನೂ ದಕ್ಕುತ್ತಿಲ್ಲವೆಂದು ವಿಲ್ಸ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಜೂನ್ ಅಂತ್ಯದಿಂದ ಜುಲೈ ಆರಂಭದೊಳಗೆ ಬರ್ಕ್, ವಿಲ್ಸ್ ಇಬ್ಬರೂ ತೀರಿಕೊಂಡರು. ಮೂರನೆಯವನಾದ ಜಾನ್ ಕಿಂಗ್ ಯಾಂಡ್ರುವಂಧ ಜನರ ಆಶ್ರಯಕ್ಕೆ ಹೋದ. ಅವರು ಕೊಟ್ಟದ್ದನ್ನು ಉಂಡು ಬದುಕಿದ. ಸೆಪ್ಟೆಂಬರಿನಲ್ಲಿ ಶೋಧಕ್ಕೆ ಬಂದ ತಂಡಕ್ಕೆ ಅವನು ಜೀವಂತವಾಗಿ ಸಿಕ್ಕ.

ಒಂದೇ ನೆಲದಲ್ಲಿ, ಒಂದೇ ಗಿಡವನ್ನು ತಿಂದು ಒಂದು ಜನ ತಲೆತಲಾಂತರದಿಂದ ಬಾಳಿದ್ದರು. ಇಬ್ಬರು ಎರಡು ತಿಂಗಳಲ್ಲಿ ಸತ್ತರು. ಅಂದಿನ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರದ ಬೀಗದ ಕೈ ಸಿಕ್ಕಿದ್ದು ಹಲವು ದಶಕಗಳ ಬಳಿಕ, ನಾವೀಗ ವಾಸಿಸುತ್ತಿರುವ ಈ ಮಲಯಾ ಮತ್ತು ಜಾವಾಗಳ ಸೀಮೆಯಲ್ಲಿ.

ಕುಚ್ಚಲಕ್ಕಿಯ ಸಾಕ್ಷ್ಯ

19ನೆಯ ಶತಮಾನದ ಕೊನೆಗೆ ಮಲಯಾದ ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಗಳು ಬೆರಿಬೆರಿ ಎಂಬ ರೋಗದಿಂದ ಗುಂಪುಗುಂಪಾಗಿ ಸಾಯುತ್ತಿದ್ದರು. ಕಾಲು ಜೋಮು ಹಿಡಿಯುವುದು, ಬಲಗುಂದುವುದು, ಮೈ ಊದಿಕೊಳ್ಳುವುದು, ಕೊನೆಗೆ ಹೃದಯ ಸೋಲುವುದು ಅದರ ಲಕ್ಷಣ. ಅದೇ ನಾಡಿನಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಗಳಲ್ಲಿ ಆ ರೋಗ ತೀರ ಕಡಿಮೆ. ಚೀನೀಯರು ತಿನ್ನುತ್ತಿದ್ದುದು ಗಿರಣಿಯಲ್ಲಿ ಪಾಲಿಷ್ ಮಾಡಿದ ಬಿಳಿ ಅಕ್ಕಿ. ತಮಿಳರು ತಿನ್ನುತ್ತಿದ್ದುದು ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ಅಂದರೆ ನಮ್ಮ ಕರಾವಳಿಯ ಕುಚ್ಚಲಕ್ಕಿ.

1905–06ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ, ಬೆಸಸಂಖ್ಯೆಯವರು ಒಂದು ಕಡೆ, ಸಮಸಂಖ್ಯೆಯವರು ಇನ್ನೊಂದು ಕಡೆ ಎಂದು ವಿಂಗಡಿಸಿ, ಒಂದು ಗುಂಪಿಗೆ ಬಿಳಿ ಅಕ್ಕಿಯನ್ನೂ ಇನ್ನೊಂದಕ್ಕೆ ಬೇಯಿಸಿದ ಭತ್ತದ ಅಕ್ಕಿಯನ್ನೂ ಕೊಟ್ಟ. ಬಿಳಿ ಅಕ್ಕಿಯ ಗುಂಪಿನಲ್ಲಿ ಬೆರಿಬೆರಿ ಹಬ್ಬಿ ಹಲವರು ಸತ್ತರು. ಇನ್ನೊಂದು ಗುಂಪು ಬಹುತೇಕ ಪಾರಾಯಿತು. ಆ ರೋಗಿಗಳ ಒಪ್ಪಿಗೆಯನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. ಇಂದು ಓದುವಾಗ, ಆ ಅರಿವಿಗಾಗಿ ಜೀವ ತೆತ್ತವರ ನೆನಪಾಗದೆ ಇರದು. ಜಾವಾದ ಬಟಾವಿಯಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಕೋಳಿಗಳ ಮೇಲೆ ಇದೇ ವಿಷಯದ ಪ್ರಯೋಗಗಳನ್ನು ಮೊದಲೇ ನಡೆಸಿದ್ದ; ಅವನಿಗೆ 1929ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅಕ್ಕಿಯ ತೌಡಿನಿಂದ ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು 1926ರಲ್ಲಿ ಬೇರ್ಪಡಿಸಿದ್ದೂ ಬಟಾವಿಯಾದಲ್ಲಿಯೇ.

ಭತ್ತವನ್ನು ಸಿಪ್ಪೆಸಮೇತ ಬೇಯಿಸಿದಾಗ ತೌಡಿನ ಪದರದಲ್ಲಿರುವ ಥಯಾಮಿನ್ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ಅದು ಪೂರ್ತಿ ನಷ್ಟವಾಗುವುದಿಲ್ಲ. ಕರಾವಳಿಯ ನಮ್ಮ ಅಜ್ಜಿಯಂದಿರಿಗೆ ಥಯಾಮಿನ್ ಎಂಬ ಪದ ಗೊತ್ತಿರಲಿಲ್ಲ. ಆದರೆ ಹಂಡೆಯಲ್ಲಿ ಭತ್ತ ಬೇಯಿಸುವ ಕ್ರಮ ಗೊತ್ತಿತ್ತು.

ಇನ್ನು ನಾರ್ಡೂವಿನ ಒಗಟಿಗೆ ಬರೋಣ. ಹಲವು ಜರೀಗಿಡಗಳಲ್ಲಿ ‘ಥಯಾಮಿನೇಸ್’ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದು ಹಾಳುಮಾಡುತ್ತದೆ. ನಾರ್ಡೂವಿನಲ್ಲಿ ಅದು ಬಹಳ ಹೆಚ್ಚು. ಯಾಂಡ್ರುವಂಧ ಜನ ಧಾರಾಳವಾಗಿ ನೀರು ಬೆರೆಸಿ ಅರೆಯುತ್ತಿದ್ದರು. ಅದರ ಜೊತೆಗೆ ಮೀನು ಮೊದಲಾದ ಆಹಾರವನ್ನೂ ತಿನ್ನುತ್ತಿದ್ದರು. ಬರ್ಕ್ ಮತ್ತು ಸಂಗಡಿಗರು ಕ್ರಮವನ್ನು ಬಿಟ್ಟು ಗಿಡವನ್ನು ಮಾತ್ರ ತೆಗೆದುಕೊಂಡರು. ಅವರ ಸಾವಿನಲ್ಲಿ ಹಸಿವೆಯ ಜೊತೆಗೆ ಬೆರಿಬೆರಿಯ ಪಾಲೂ ಇತ್ತೆಂಬ ವಾದವನ್ನು 1994ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದು ಮುಂದಿಟ್ಟಿತು. ವಿಲ್ಸ್ ಬರೆದಿಟ್ಟ ಲಕ್ಷಣಗಳನ್ನು ಓದಿದ ವೈದ್ಯರಿಗೆ ಆ ವಾದ ಒಪ್ಪುವಂತೆಯೇ ಕಾಣುತ್ತದೆ.

ಸಿಂಗಪುರದ ತೋಟದಲ್ಲೊಬ್ಬ ಜರೀಪಂಡಿತ

ಜರೀಗಿಡಗಳ ಅಧ್ಯಯನದಲ್ಲಿ ನಮ್ಮ ಸಿಂಗಪುರಕ್ಕೂ ಒಂದು ಗೌರವದ ಸ್ಥಾನವಿದೆ. 1859ರಲ್ಲಿ ಸ್ಥಾಪನೆಯಾದ ಇಲ್ಲಿನ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಐಸಾಕ್ ಹೆನ್ರಿ ಬರ್ಕಿಲ್, ಮಲಯಾದಲ್ಲಿ ಜನರು ಬಳಸುವ ಸಸ್ಯಗಳ ಬಗ್ಗೆ ಎರಡು ಸಂಪುಟಗಳ ಬೃಹತ್ ನಿಘಂಟನ್ನು 1935ರಲ್ಲಿ ಪ್ರಕಟಿಸಿದರು. ಅವರ ನಂತರ ನಿರ್ದೇಶಕರಾದ ರಿಚರ್ಡ್ ಎರಿಕ್ ಹೋಲ್ಟಮ್ ಜರೀಗಿಡಗಳನ್ನೇ ತಮ್ಮ ಬಾಳಿನ ವಿಷಯವಾಗಿಸಿಕೊಂಡರು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಬ್ರಿಟಿಷರಲ್ಲಿ ಬಹುಪಾಲು ಜನ ಸೆರೆಗೆ ಹೋದರೂ, ಹೋಲ್ಟಮ್ ಮತ್ತು ಅವರ ಸಹೋದ್ಯೋಗಿ ಕಾರ್ನರ್ ಅವರಿಗೆ ಉದ್ಯಾನದಲ್ಲಿಯೇ ಕೆಲಸ ಮುಂದುವರಿಸಲು ಅವಕಾಶ ದೊರೆಯಿತು. ಹೊರಗಿನ ಊರಿನಲ್ಲಿ ಅಕ್ಕಿಗೆ ಬರ. ಸಿಂಗಪುರ ತಿನ್ನುತ್ತಿದ್ದ ಅಕ್ಕಿ ಹಡಗಿನಲ್ಲಿ ಬರುತ್ತಿತ್ತು. ಹಡಗು ನಿಂತಾಗ ಪಡಿತರ ಕುಗ್ಗಿತು. ಜನ ಮರಗೆಣಸು, ಸಿಹಿಗೆಣಸುಗಳನ್ನು ನೆಟ್ಟು ಹೊಟ್ಟೆ ಹೊರೆದರು. ಬೆರಿಬೆರಿ ಮತ್ತೆ ತಲೆಯೆತ್ತಿತು. ಆ ಮೂರೂವರೆ ವರ್ಷ ಹೋಲ್ಟಮ್ ಜರೀಗಿಡಗಳ ಅಧ್ಯಯನದಲ್ಲಿ ಮುಳುಗಿದ್ದರು. 1950ರ ದಶಕದ ನಡುವೆ ಪ್ರಕಟವಾದ ಅವರ ಮಲಯಾ ಜರೀಗಿಡಗಳ ಗ್ರಂಥ ಇಂದಿಗೂ ಈ ವಿಷಯಕ್ಕೆ ಆಧಾರಗ್ರಂಥ.

ಬೂದಿ, ಬಿಸಿನೀರು, ಹುಳಿ

ತೆರ್ಮೆಯ ಬಗ್ಗೆ ವೈದ್ಯರಾಗಿ ಹೇಳಬೇಕಾದ ಒಂದು ಎಚ್ಚರಿಕೆಯ ಮಾತಿದೆ. ಸುರುಳಿ ಸುತ್ತಿದ ಚಿಗುರೆಲ್ಲ ತೆರ್ಮೆಯಲ್ಲ. ಬೆಟ್ಟದ ಬಯಲುಗಳಲ್ಲಿ, ನಮ್ಮ ಪಶ್ಚಿಮಘಟ್ಟದ ಎತ್ತರದ ಭಾಗಗಳಲ್ಲಿಯೂ, ‘ಬ್ರಾಕನ್’ ಎಂಬ ಜರೀಗಿಡ ಬೆಳೆಯುತ್ತದೆ. ಅದನ್ನು ಮೇಯ್ದ ದನಗಳಿಗೆ ಮೂತ್ರಕೋಶದ ಗೆಡ್ಡೆಗಳಾಗುವುದು ಬಹಳ ಹಿಂದಿನಿಂದ ತಿಳಿದ ಸಂಗತಿ. ಅದಕ್ಕೆ ಕಾರಣವಾದ ‘ಟಾಕ್ವಿಲೋಸೈಡ್’ ಎಂಬ ರಾಸಾಯನಿಕವನ್ನು 1983ರಲ್ಲಿ ಗುರುತಿಸಲಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಬ್ರಾಕನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವುಗಳ ‘2ಬಿ’ ಪಟ್ಟಿಗೆ ಸೇರಿಸಿತು.

ಜಪಾನೀಯರು ಇದೇ ಬ್ರಾಕನ್ನಿನ ಚಿಗುರನ್ನು ‘ವರಾಬಿ’ ಎಂದು ತಿನ್ನುತ್ತಾರೆ. ಆದರೆ ಮೊದಲು ಅದರ ಮೇಲೆ ಕಟ್ಟಿಗೆಯ ಬೂದಿಯನ್ನೋ ಅಡುಗೆ ಸೋಡಾವನ್ನೋ ಹಾಕಿ, ಕುದಿನೀರು ಸುರಿದು, ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲುತ್ತಾರೆ. ಕ್ಷಾರ ಮತ್ತು ಶಾಖಗಳು ಆ ವಿಷವನ್ನು ಬಹುಮಟ್ಟಿಗೆ ಒಡೆಯುತ್ತವೆ ಎಂಬುದನ್ನು ಪ್ರಯೋಗಾಲಯಗಳು ಆಮೇಲೆ ತೋರಿಸಿದವು. ಇಷ್ಟಾದರೂ ಬ್ರಾಕನ್ನಿನ ಬಗ್ಗೆ ವೈದ್ಯರ ಸಲಹೆ ‘ಬಿಟ್ಟುಬಿಡಿ’ ಎಂಬುದೇ. 1994ರಲ್ಲಿ ನ್ಯೂಯಾರ್ಕಿನಲ್ಲೂ ಪಶ್ಚಿಮ ಕೆನಡಾದಲ್ಲೂ ಹೋಟೆಲುಗಳಲ್ಲಿ ಊಟ ಮಾಡಿದ ಅನೇಕರು ವಾಂತಿ ಭೇದಿಗಳಿಂದ ನರಳಿದರು. ಅವರು ತಿಂದಿದ್ದು ಆಸ್ಟ್ರಿಚ್ ಫರ್ನ್ ಎಂಬ, ಆ ನಾಡಿನಲ್ಲಿ ಹಿಂದಿನಿಂದ ತಿನ್ನುತ್ತ ಬಂದ ಚಿಗುರನ್ನೇ. ಆದರೆ ಹೋಟೆಲಿನವರು ಅದನ್ನು ಅರೆಬೆಂದ ಸ್ಥಿತಿಯಲ್ಲಿಯೇ ಬಡಿಸಿದ್ದರು. ಕನಿಷ್ಠ ಹತ್ತು ನಿಮಿಷ ಕುದಿಸಬೇಕೆಂದು ಆರೋಗ್ಯಾಧಿಕಾರಿಗಳು ಬಳಿಕ ಸೂಚನೆ ಕೊಟ್ಟರು.

ನಮ್ಮ ಮಲೆನಾಡು ಕರಾವಳಿಗಳಿಗೆ ಇದು ಹೊಸ ಪಾಠವಲ್ಲ. ಕಳಲೆಯನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸುತ್ತೇವೆ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಪತ್ರೊಡೆಯ ಕೆಸುವಿನ ಎಲೆಗೆ ಹುಣಿಸೆಹುಳಿ ಬೀಳಲೇಬೇಕು; ಇಲ್ಲವಾದರೆ ಅದರ ಆಕ್ಸಲೇಟ್ ಹರಳುಗಳು ಗಂಟಲನ್ನು ಕೆರೆಯುತ್ತವೆ. ಈ ಕ್ರಮಗಳನ್ನು ಕಂಡುಕೊಂಡವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಅವು ಸಾಗಿ ಬಂದಿವೆ. ಸಾಗುವುದು ಒಂದು ತಲೆಮಾರು ನಿಂತರೆ ಗಿಡ ಉಳಿಯುತ್ತದೆ, ಆಹಾರ ಉಳಿಯುವುದಿಲ್ಲ.

ಮತ್ತೆ ಆ ಪ್ರಶ್ನೆಗೆ

ಗೇಲಾಂಗ್ ಸೆರಾಯ್‌ನ ಅಂಗಡಿಯ ಅಜ್ಜಿ ನಾವು ಕಟ್ಟನ್ನು ಕೈಗೆತ್ತಿಕೊಂಡಾಗ ದುಡ್ಡು ಕೇಳುವುದಕ್ಕೆ ಮೊದಲು ಹೇಳಿದ್ದು ಎರಡೇ ಪದ: “ರೆಬುಸ್ ದುಲು.” ಮೊದಲು ಬೇಯಿಸು ಎಂದರ್ಥ. ಗಿರಾಕಿ ಹೊಸಬ ಎಂದು ಅವರಿಗೆ ಹೊಳೆದಿರಬೇಕು. ಮಾರುವ ವಸ್ತುವಿನ ಜೊತೆಗೆ ಅದರ ಕ್ರಮವನ್ನೂ ಕೊಡುವುದು ತಮ್ಮ ಹೊಣೆ ಎಂದು ಅವರು ತಿಳಿದಿದ್ದರು. ಅಂದು ಆಸ್ಪತ್ರೆಯಲ್ಲಿ ನಮ್ಮಲ್ಲಿ ಆ ಹೊಣೆಯರಿವು ಇರಲಿಲ್ಲ.

ಓದುಗರಲ್ಲಿ ಯಾರಾದರೂ ಈ ಸೊಪ್ಪನ್ನು ಮಾಡಿ ನೋಡುವುದಾದರೆ ನಮ್ಮ ಸೂಚನೆಗಳು ಸರಳವಾದವು. ಮಾರುಕಟ್ಟೆಯಿಂದಲೇ ಕೊಳ್ಳಿ, ಇಲ್ಲಿನ ಉದ್ಯಾನ ಹಾಗೂ ಸಂರಕ್ಷಿತ ಕಾಡುಗಳಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ, ಜಾತಿಯನ್ನು ತಪ್ಪಾಗಿ ಗುರುತಿಸುವ ಅಪಾಯ ಬೇರೆ. ತಂದ ದಿನವೇ ಮಾಡಿ. ಬಲಿತ ದಂಟನ್ನು ಎಸೆದು, ಹೊಟ್ಟನ್ನು ಉಜ್ಜಿ ತೊಳೆಯಿರಿ. ಕುದಿನೀರಿನಲ್ಲಿ ಹತ್ತು ನಿಮಿಷವಾದರೂ ಬೇಯಿಸಿ, ಆ ನೀರನ್ನು ಚೆಲ್ಲಿ, ಅನಂತರ ಪಲ್ಯಕ್ಕೆ ಹಾಕಿ. ಹಸಿಯಾಗಿ ತಿನ್ನಬೇಡಿ. ದಿನವೂ ಅದನ್ನೇ ತಿನ್ನುವ ಸೊಪ್ಪು ಇದಲ್ಲ. ಹಲವು ಸೊಪ್ಪುಗಳ ನಡುವೆ, ಅದರ ಕಾಲದಲ್ಲಿ ತಿನ್ನುವಂಥದು. ಕೊಡಗಿನವರೂ ಅಸ್ಸಾಮಿನವರೂ ಹಾಗೆಯೇ ತಿನ್ನುತ್ತ ಬಂದಿದ್ದಾರೆ.

ಆ ಹೆಣ್ಣುಮಗಳಿಗೆ ನಾವು ಕೊಟ್ಟ ಉತ್ತರ ತಪ್ಪಾಗಿತ್ತೇ? ಬಸುರಿಯೊಬ್ಬಳಿಗೆ ಕಾಡಿನ ಸೊಪ್ಪಿನ ಬಗ್ಗೆ ಎಚ್ಚರಿಕೆ ಹೇಳುವುದು ತಪ್ಪಲ್ಲ. ಆದರೆ ಅವಳನ್ನು ಏನೂ ಕೇಳದೆ ಹೇಳಿದ್ದು ತಪ್ಪು. “ಯಾವುದನ್ನು ಆಯುತ್ತೀಯಮ್ಮ? ಮನೆಯಲ್ಲಿ ಹೇಗೆ ಬೇಯಿಸುತ್ತೀರಿ? ಜೊತೆಗೆ ಏನು ಉಣ್ಣುತ್ತೀರಿ?” ಎಂದು ಕೇಳಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು. ಅವಳಿಂದ ನಾವು ಕಲಿಯುತ್ತಿದ್ದೆವು. ಮಾತ್ರೆಯ ಜೊತೆಗೆ ಒಂದು ಒಳ್ಳೆಯ ಸಲಹೆಯೂ ಅವಳಿಗೆ ಸಿಗುತ್ತಿತ್ತು. ಇಂದು ನಮ್ಮ ಬಳಿ ಬರುವ ಹಿರಿಯರು ಯಾವುದಾದರೂ ಬೇರು, ಸೊಪ್ಪು, ಕಷಾಯದ ಹೆಸರು ಹೇಳಿದರೆ ನಾವು ಮೊದಲು ಕೇಳುವುದು ಈ ‘ಹೇಗೆ’ಯನ್ನೇ.

ನಮ್ಮ ಸಂಘದ ಮನೆಗಳಿಗೆ ಊರಿನಿಂದ ತಂದೆತಾಯಿಯರು, ಅತ್ತೆಮಾವಂದಿರು ಬಂದು ಹೋಗುತ್ತಿರುತ್ತಾರೆ. ಈ ಬಾರಿ ಅವರು ಬಂದಾಗ ಅವರೂರಿನ ಮಳೆಗಾಲದ ಸೊಪ್ಪುಗಳ ಹೆಸರನ್ನು ಕೇಳಿ. ಹೆಸರಿನ ಜೊತೆಗೆ, ಯಾವಾಗ ಕೊಯ್ಯಬೇಕು, ಎಷ್ಟು ಹೊತ್ತು ಬೇಯಿಸಬೇಕು, ಯಾವ ನೀರನ್ನು ಚೆಲ್ಲಬೇಕು ಎಂಬುದನ್ನೂ ಬರೆದುಕೊಳ್ಳಿ. ಅದನ್ನು ನಮಗೂ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.